ಹೆತ್ತ ಕೈಯೇ ನೋಯಿಸುವ ಪದ್ಧತಿಯು ನಿಲ್ಲುವದು ಹೇಗೆ?



ಮನುಷ್ಯರು ಮಾಡುವ ಕೆಡುಕಿನಲ್ಲಿ ಎರಡು ವಿಧಗಳುಂಟು. ದ್ವೇಷದಿಂದಲೂ ದುರಾಶೆಯಿಂದಲೂ ಮಾಡುವದು ಒಂದು ವಿಧ. ಕಳ್ಳನನ್ನು ಕಂಡರೆ ಊರೆಲ್ಲಾ ಕೂಗುತ್ತದೆ. ತಾನು ಮಾಡಿದ್ದು ತಪ್ಪೆಂದು ಕಳ್ಳನೂ ಬಲ್ಲನು. ಎರಡನೆಯ ವಿಧವೋ ಪ್ರೀತಿಯಿಂದಲೇ ಮಾಡಲ್ಪಡುವಂಥದು. ತಾಯಿಯು ಮಗಳಿಗೆ ಒಳ್ಳೇದಾಗಲೆಂದು ಅವಳಿಗೆ ನೋವು ಮಾಡುತ್ತಾಳೆ. ಮಾಡಿದರೆ ಊರು ಮೆಚ್ಚುತ್ತದೆ, ಮಾಡದಿದ್ದರೆ ಹಳಿಯುತ್ತದೆ. ಮೊದಲನೆಯ ವಿಧದ ಕೆಡುಕಿಗೆ ಪೋಲೀಸಿನವರುಂಟು. ಎರಡನೆಯದನ್ನು ನಿಲ್ಲಿಸುವದು ಯಾವದರಿಂದ? ಸರಕಾರದ ಕಾಯಿದೆಯಿಂದಲೋ, ಶಾಲೆ ರಸ್ತೆ ಆಸ್ಪತ್ರೆಗಳಿಂದಲೋ, ಜನರ ಮನಸ್ಸು ಬದಲಾಗುವದರಿಂದಲೋ? ಇದನ್ನೇ ಈ ಸಾರಿ ವಿಚಾರಿಸಬೇಕೆಂದಿದ್ದೇವೆ.

ಈ ಪ್ರಶ್ನೆಯು ನಮ್ಮನ್ನು ಹಿಡಿದ ಬಗೆಯನ್ನು ಮೊದಲು ಹೇಳುವದು ನ್ಯಾಯ. ಕೆಲವು ವರ್ಷಗಳ ಹಿಂದೆ ಬೈಲಕುಪ್ಪೆಗೆ ದೂರವಲ್ಲದ ಒಂದು ಹಳ್ಳಿಯಲ್ಲಿ, ನಮ್ಮ ಸಭೆಗೆ ಸೇರಿದ ಒಂದು ಮನೆಯವರು ಹದಿನಾರು ತುಂಬದ ಮಗಳಿಗೆ ಮದುವೆ ಗೊತ್ತುಮಾಡಿದರು. ನಾವು ಹೋಗಿ, ಇದು ಕಾಯಿದೆಗೆ ವಿರೋಧ, ಮಗುವಿನ ಮೈಗೆ ಕೇಡು ಎಂದು ಹೇಳಿದೆವು. ಆ ತಾಯಿಯು ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಎಲೆ ಕಟ್ಟುತ್ತಾ ಕೂತಿದ್ದವಳು ಕೈ ನಿಲ್ಲಿಸದೆ, “ಅಯ್ನೋರೇ, ನೀವು ಹೇಳೋದು ಸರಿ. ನಾವು ಗಂಡಹೆಂಡ್ರು ಕಾಪಿ ಕುಯ್ಯೋಕೆ ಕೊಡಗಿಗೆ ಹೋದ್ರೆ ಈ ಮಗೀನ ಮನೇಲಿ ಕಾಯೋರು ಯಾರು? ನಾಳೆ ಏನಾರ ಒಂದು ಮಾತು ಬಂದ್ರೆ ಇವಳನ್ನ ಮಾಡ್ಕೊಳ್ಳೋರು ಯಾರು? ನೀವು ಮಾಡ್ಕೊಡ್ತೀರಾ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮದುವೆಯು ಬೇರೆ ತಾಲ್ಲೂಕಿನ ನೆಂಟರ ಊರಿನಲ್ಲಿ ನಡೆಯಿತು. ನಾವು ಯಾರಿಗೂ ತಿಳಿಸಲಿಲ್ಲ. ಅಷ್ಟು ಮಾತ್ರವಲ್ಲ, ಕರೆದರೆಂಬ ದಾಕ್ಷಿಣ್ಯಕ್ಕೆ ಹೋಗಿ ಊಟವನ್ನೂ ಮಾಡಿಬಂದೆವು. ಆ ಊಟವು ಇಂದಿನವರೆಗೂ ನಮಗೆ ಜೀರ್ಣವಾಗಿಲ್ಲ.

ಇನ್ನು ಮನಸ್ಸನ್ನು ಸ್ವಲ್ಪ ದೂರಕ್ಕೆ ಕೊಂಡುಹೋಗೋಣ. ಒಂದು ಪದ್ಧತಿಯ ಸ್ವಭಾವವು ನಮ್ಮ ಮನೆಯೊಳಗಿಂದ ಕಾಣುವದು ಕಷ್ಟ. ಬೇರೆಯವರ ಮನೆಯಲ್ಲಿ ನೋಡಿದರೆ ತಟ್ಟನೆ ಕಾಣುತ್ತದೆ.

ಲೋಕದ ಅನೇಕ ದೇಶಗಳಲ್ಲಿ ಹೆಣ್ಣುಮಕ್ಕಳ ಗುಪ್ತಾಂಗವನ್ನು ಕೊಯ್ಯುವ ಪದ್ಧತಿಯುಂಟು. ಈ ಮಾತನ್ನು ಪತ್ರಿಕೆಯಲ್ಲಿ ಬರೆಯುವದಕ್ಕೆ ಸಂಕೋಚವಾಗುತ್ತದೆ. ಆದರೆ ಸಂಕೋಚದ ಮರೆಯಲ್ಲಿಯೇ ಇಂಥವು ಬೆಳೆಯುವದರಿಂದ ಮರ್ಯಾದೆಯಿಂದ ಬರೆಯುತ್ತೇವೆ. ಇದನ್ನು ಸ್ತ್ರೀಸುನ್ನತಿ ಎಂದು ಕರೆಯುವವರುಂಟು. ಆದರೆ ಗಂಡುಮಕ್ಕಳ ಸುನ್ನತಿಗೂ ಇದಕ್ಕೂ ಹೋಲಿಕೆಯು ಸಲ್ಲದು. ಇದರಿಂದ ಮೈಗೆ ಯಾವ ಪ್ರಯೋಜನವೂ ಇಲ್ಲ. ರಕ್ತ ನಿಲ್ಲದೆಯೂ ಗಾಯವು ಕೀತೂ ಮಕ್ಕಳು ಸತ್ತದ್ದುಂಟು. ಬದುಕಿದವರಿಗೆ ಮೂತ್ರದ ಕಷ್ಟ, ಮುಟ್ಟಿನ ನೋವು, ಹೆರಿಗೆಯಲ್ಲಿ ತಾಯಿಮಗು ಇಬ್ಬರಿಗೂ ಅಪಾಯ. ಸಂಯುಕ್ತ ರಾಷ್ಟ್ರಗಳ ಮಕ್ಕಳ ಸಂಸ್ಥೆಯಾದ ಯುನಿಸೆಫ್ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 31 ದೇಶಗಳಲ್ಲಿ ಈ ಕೊಯ್ತಕ್ಕೆ ಒಳಗಾಗಿ ಈಗ ಬದುಕಿರುವ ಹೆಂಗಸರೂ ಹುಡುಗಿಯರೂ 23 ಕೋಟಿಗೂ ಹೆಚ್ಚು. ಅವರಲ್ಲಿ 14 ಕೋಟಿಗೂ ಹೆಚ್ಚು ಜನರು ಆಫ್ರಿಕದವರು, 8 ಕೋಟಿ ಜನರು ಏಷ್ಯದವರು. ನಮ್ಮ ದೇಶದಲ್ಲಿಯೂ ದಾವೂದಿ ಬೊಹ್ರಾ ಎಂಬ ವ್ಯಾಪಾರಸ್ಥ ಜನಾಂಗದಲ್ಲಿ ಸುಮಾರು ಏಳು ವರ್ಷದ ಹುಡುಗಿಯರಿಗೆ ಇದರ ಒಂದು ಬಗೆಯನ್ನು ಮಾಡುವ ವಾಡಿಕೆಯುಂಟು. ಆ ಜನಾಂಗದ ಹೆಂಗಸರೇ ಕೆಲವರು ಧೈರ್ಯವಾಗಿ ಬಾಯಿಬಿಟ್ಟರು; ಇದು ನಮ್ಮ ಧರ್ಮವೆಂದು ವಾದಿಸುವ ಹೆಂಗಸರೂ ಅದೇ ಜನಾಂಗದಲ್ಲಿ ಎದ್ದರು. 2017ರಲ್ಲಿ ದಿಲ್ಲಿಯ ವಕೀಲೆಯೊಬ್ಬರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2018ರಲ್ಲಿ ಆ ಕೋರ್ಟು ಸಂಗತಿಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ಇದನ್ನು ಮಾಡುವವರು ಯಾರು? ಶತ್ರುಗಳಲ್ಲ, ತಾಯಿ, ಅಜ್ಜಿ, ಸೋದರತ್ತೆ. ಯಾತಕ್ಕಾಗಿ? ಕೊಯ್ಯದ ಹುಡುಗಿಯನ್ನು ಯಾರೂ ಮದುವೆಯಾಗುವದಿಲ್ಲ, ಅವಳ ಕೈಯ ನೀರನ್ನು ಯಾರೂ ಕುಡಿಯುವದಿಲ್ಲ, ಅವಳು ಶುದ್ಧಳಲ್ಲ ಎಂಬ ಭಯಕ್ಕಾಗಿ. ಬ್ಯಾರನ್ನಿನ ಮುಂದೆ ಕೂತಿದ್ದ ತಾಯಿಯ ಮಾತು ನೆನಪಿಗೆ ಬಂದೀತು: “ಇವಳನ್ನ ಮಾಡ್ಕೊಳ್ಳೋರು ಯಾರು?” ದೇಶ ಬೇರೆ, ನೋವು ಬೇರೆ, ಭಯವು ಒಂದೇ.

ನಾವು ಮೈಸೂರು ಸೀಮೆಯವರು ಇದನ್ನು ಕೇಳಿ, ಅಬ್ಬಾ ಎಂಥ ಕ್ರೂರ ಜನರು ಎಂದು ತಲೆಯಾಡಿಸಬಾರದು. ಹೆಂಗಸರ ಅಂಗವನ್ನು ಕಡಿಯುವ ಪದ್ಧತಿಯು ನಮ್ಮ ಸೀಮೆಯಲ್ಲಿಯೇ ಇತ್ತು. ಕೋಲಾರ ಬೆಂಗಳೂರುಗಳ ಕಡೆ ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ತಾಯಿಯಾದವಳು ತನ್ನ ಹಿರಿಯ ಮಗಳಿಗೆ ಕಿವಿ ಚುಚ್ಚಿಸುವ ಮುಂಚೆ ತನ್ನ ಬಲಗೈಯ ಉಂಗುರದ ಬೆರಳು, ಕಿರುಬೆರಳು ಇವೆರಡರ ತುದಿಯ ಗೆಣ್ಣನ್ನು ಕಡಿಸಿಕೊಳ್ಳಬೇಕಾಗಿತ್ತು. ಊರಿನ ಕಮ್ಮಾರನು ಅವಳ ಬೆರಳನ್ನು ಹಲಗೆಯ ಮೇಲಿಡಿಸಿ ಉಳಿಯಿಂದ ಹೊಡೆದು ತುಂಡುಮಾಡುವನು. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಆ ಮೇಲೆ ಗೆಜೆಟಿಯರ್ ಬರೆದ ರೈಸ್ ದೊರೆಯವರೂ ಬರೆದಿದ್ದಾರೆ.

ಈ ಪದ್ಧತಿಗೆ ಒಂದು ಕಥೆಯಿತ್ತು. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿಯಾಗಬೇಕೆಂದು ಶಿವನಿಂದ ವರ ಪಡೆದ ರಾಕ್ಷಸನು ಶಿವನನ್ನೇ ಅಟ್ಟಿಕೊಂಡು ಬಂದನಂತೆ. ಶಿವನು ಹೊಲದಲ್ಲಿ ಅಡಗಿದನು. ರಾಕ್ಷಸನು ಹೊಲದ ಒಕ್ಕಲಿಗನನ್ನು ಕೇಳಲು, ಅವನು ಬಾಯಲ್ಲಿ ಏನೂ ಹೇಳದೆ ಕಿರುಬೆರಳಿನಿಂದ ತೋರಿಸಿಬಿಟ್ಟನು. ಗಂಡಾಂತರ ಕಳೆದ ಮೇಲೆ ಶಿವನು ಆ ಬೆರಳನ್ನು ಕಡಿಯಬೇಕೆನ್ನಲಾಗಿ, ಬುತ್ತಿ ಹೊತ್ತು ಬಂದ ಹೆಂಡತಿಯು ಕಾಲಿಗೆ ಬಿದ್ದು, ಗಂಡನ ಬೆರಳು ಹೋದರೆ ಬೇಸಾಯ ನಿಂತು ಸಂಸಾರವು ಕೆಡುತ್ತದೆ, ಅವನ ಒಂದಕ್ಕೆ ನನ್ನ ಎರಡನ್ನು ತಕ್ಕೊಳ್ಳಬೇಕೆಂದು ಬೇಡಿಕೊಂಡಳಂತೆ. ಆದಕಾರಣ ಆ ವಂಶದ ಹೆಂಗಸರೆಲ್ಲರೂ ಬೆರಳು ಕೊಡತಕ್ಕದ್ದೆಂದು ನೇಮವಾಯಿತಂತೆ.

ವಾಚಕರು ಈ ಕಥೆಯನ್ನು ನಗೆಗೆ ಗುರಿಮಾಡದೆ ಯೋಚಿಸಬೇಕು. ಇದರ ಹೃದಯದಲ್ಲಿರುವದು ಕ್ರೂರತೆಯಲ್ಲ. ಗಂಡನಿಗಾಗಿಯೂ ಮನೆಗಾಗಿಯೂ ತನ್ನನ್ನು ಒಪ್ಪಿಸಿದ ಹೆಂಗಸಿನ ಪ್ರೀತಿ. ಒಬ್ಬಳು ಮನಸಾರೆ ಕೊಟ್ಟದ್ದನ್ನು ಊರು ಎಲ್ಲರಿಂದಲೂ ಬಲವಂತವಾಗಿ ಕಿತ್ತುಕೊಳ್ಳುವ ಹಾಗಾದದ್ದೇ ಕೇಡು. ಆ ಪದ್ಧತಿಯು ನಿಂತದ್ದು ಹೇಗೆಂದರೆ, 19ನೆಯ ಶತಮಾನದಲ್ಲಿ ಸರಕಾರದವರು ಅದನ್ನು ನಿಷೇಧಿಸಿದರು. ಆದರೆ ಜನರು ಹಬ್ಬವನ್ನೂ ಕಥೆಯನ್ನೂ ಬಿಡಲಿಲ್ಲ. ಬೆರಳಿಗೆ ಚಿನ್ನದ್ದೋ ಬೆಳ್ಳಿಯದೋ ಒಂದು ಕುಪ್ಪಿಗೆಯನ್ನು ತೊಡಿಸಿ, ಬೆರಳಿನ ಬದಲಾಗಿ ಅದನ್ನೇ ಎಳೆದು ತೆಗೆಯುವ ರೂಢಿಯನ್ನು ಮಾಡಿಕೊಂಡರು. ಗುರುತು ಉಳಿಯಿತು, ರಕ್ತವು ನಿಂತಿತು. ಸರಕಾರವು ಬೇಡವೆಂದು ಹೇಳಿತು; ಬೇಡವಾದದ್ದರ ಸ್ಥಳದಲ್ಲಿ ಏನಿರಬೇಕೆಂಬದನ್ನು ಜನರೇ ಕಂಡುಕೊಂಡರು. ಇವೆರಡು ಕೂಡಿದ್ದರಿಂದಲೇ ಆ ಉಳಿಯು ಮತ್ತೆ ಏಳಲಿಲ್ಲ.

ಹಾಗಾದರೆ ಕಾಯಿದೆಯೊಂದೇ ಸಾಕೋ? ಸಾಲದೆಂಬದಕ್ಕೆ ಸಾಕ್ಷಿಗಳುಂಟು, ಅವುಗಳಲ್ಲಿ ಒಂದು ನಮ್ಮಂಥ ಮಿಶನ್ ಸಭೆಗಳವರನ್ನೇ ನಾಚಿಸುವಂಥದು. ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ ಕಿಕುಯು ಎಂಬ ಜನರುಂಟು. 1929ರಲ್ಲಿ ಅಲ್ಲಿಯ ಸ್ಕಾಟ್ಲೆಂಡ್ ಸಭೆಯ ಮಿಶನ್ನೂ ಬೇರೆ ಕೆಲವು ಪ್ರೊಟೆಸ್ಟೆಂಟ್ ಮಿಶನ್ನುಗಳೂ, ಹುಡುಗಿಯರನ್ನು ಕೊಯ್ಯಿಸುವದಿಲ್ಲವೆಂದು ಸಭಿಕರು ರುಜು ಹಾಕಬೇಕು ಇಲ್ಲವೆ ಹೆಬ್ಬೆಟ್ಟು ಒತ್ತಬೇಕು, ಜನರ ರಾಜಕೀಯ ಸಂಘವನ್ನೂ ಬಿಡಬೇಕು, ಒಪ್ಪದವರು ಸಭೆಯಿಂದ ಹೊರಗೆ ಎಂದು ವಿಧಿಸಿದರು. ಅವರು ಹೇಳಿದ ಮಾತು ಸತ್ಯವಾಗಿತ್ತು, ಹೇಳಿದ ರೀತಿಯೇ ಕೆಟ್ಟಿತು. ಆ ಜನರ ಭೂಮಿಯು ಬಿಳಿಯರ ಪಾಲಾಗಿದ್ದ ಕಾಲ ಅದು. ನಮ್ಮ ಹೊಲ ಹೋಯಿತು, ಈಗ ನಮ್ಮ ಹೆಣ್ಣುಮಕ್ಕಳನ್ನೂ ನಮ್ಮಿಂದ ತೆಗೆಯಬೇಕೆಂದಿದ್ದಾರೆ ಎಂದು ಜನರು ನಂಬಿದರು. ಬಹುಜನರು ಸಭೆಯನ್ನು ಬಿಟ್ಟರು, ಶಾಲೆಗಳು ಬರಿದಾದವು. ಜನರು ತಮ್ಮದೇ ಸ್ವತಂತ್ರ ಶಾಲೆಗಳನ್ನೂ ಸಭೆಗಳನ್ನೂ ಕಟ್ಟಿಕೊಂಡರು. ರುಜು ಹಾಕಿ ನಿಂತವರು ಹಾಸ್ಯದ ಹಾಡುಗಳಿಗೆ ಗುರಿಯಾದರು. 1930ರ ಜನವರಿಯಲ್ಲಿ ಕಿಜಾಬೆ ಎಂಬಲ್ಲಿ ಹಲ್ಡಾ ಸ್ಟಂಫ್ ಎಂಬ ಮಿಶನರಿ ಸ್ತ್ರೀಯು ಕೊಲೆಯಾದಳು. ಹೆಣ್ಣುಮಕ್ಕಳ ಮೈಯ ಸಂಗತಿಯು ಜನಾಂಗದ ಮಾನದ ಧ್ವಜವಾಗಿಹೋಯಿತು.

ಅದೇ ದೇಶದ ಮೇರು ಸೀಮೆಯಲ್ಲಿ 1956ರಲ್ಲಿ, ಅಧಿಕಾರಿಗಳ ಪ್ರೇರಣೆಯಿಂದ ಹಿರಿಯ ಗಂಡಸರ ಕೂಟವೊಂದು ಈ ಕೊಯ್ತವನ್ನು ನಿಷೇಧಿಸಿತು. ಹುಡುಗಿಯರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಗ ಆ ಹುಡುಗಿಯರು ಗುಂಪುಗುಂಪಾಗಿ ಕಾಡಿಗೆ ಹೋಗಿ, ಬ್ಲೇಡುಗಳಿಂದ ಒಬ್ಬರನ್ನೊಬ್ಬರು ಕೊಯ್ದುಕೊಂಡರು. ಮೂರು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆಗಳಾದವು. ಯಾರ ರಕ್ಷಣೆಗಾಗಿ ಕಟ್ಟಳೆಯಾಯಿತೋ ಅವರೇ ಅಪರಾಧಿಗಳಾದರು.

ಇದನ್ನು ಓದಿ, ಕಾಯಿದೆಯು ವ್ಯರ್ಥವೆಂದು ಯಾರೂ ತೀರ್ಮಾನಿಸಬಾರದು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ಎಂಬ ಚಿಕ್ಕ ದೇಶದಲ್ಲಿ 2015ರಲ್ಲಿ ನಿಷೇಧದ ಕಾಯಿದೆಯಾಯಿತು. 2023ರಲ್ಲಿ ಮೊದಲನೆಯ ಸಾರಿ ಮೂವರು ಹೆಂಗಸರಿಗೆ ದಂಡ ಬೀಳಲಾಗಿ ದೊಡ್ಡ ಗದ್ದಲವೆದ್ದು, ಕಾಯಿದೆಯನ್ನೇ ರದ್ದುಮಾಡಬೇಕೆಂಬ ಮಸೂದೆಯು ಬಂತು. ಕೊಯ್ತಕ್ಕೆ ಒಳಗಾಗಿದ್ದ ಹೆಂಗಸರೇ ಮುಂದೆ ಬಂದು ತಮ್ಮ ನೋವನ್ನು ಸಾರಿ ಹೇಳಿದರು. 2024ರ ಜುಲೈಯಲ್ಲಿ ಅಲ್ಲಿಯ ಶಾಸನಸಭೆಯು ಆ ಮಸೂದೆಯನ್ನು ತಳ್ಳಿಹಾಕಿತು. ಕಾಯಿದೆ ಇಲ್ಲದಿದ್ದರೆ ಆ ಹೆಂಗಸರು ಒರಗಿ ನಿಲ್ಲುವದಕ್ಕೆ ಗೋಡೆಯೇ ಇರುತ್ತಿರಲಿಲ್ಲ. ಮನೆಯಲ್ಲಿ ಒತ್ತಾಯಕ್ಕೆ ಸಿಕ್ಕಿದ ತಾಯಿಯು, ನನಗೆ ಮನಸ್ಸಿದ್ದರೂ ಸರಕಾರ ಬಿಡುವದಿಲ್ಲ ಎಂದು ಹೇಳಿ ಪಾರಾಗುವದಕ್ಕೂ ಕಾಯಿದೆ ಬೇಕು. ಆದರೆ ಗೋಡೆಯೊಂದರಿಂದ ಮನೆಯಾಗುವದಿಲ್ಲ.

ಎರಡನೆಯದಾಗಿ, ವಿದ್ಯೆಯೂ ಅನುಕೂಲಗಳೂ ಹೆಚ್ಚಿದರೆ ಇವೆಲ್ಲಾ ತಾವೇ ಬಿದ್ದುಹೋಗುತ್ತವೆ ಎನ್ನುವವರುಂಟು. ಇದರಲ್ಲಿ ಸತ್ಯವಿಲ್ಲದಿಲ್ಲ. ಓದಿದ ತಾಯಂದಿರು ಹೆಣ್ಣುಮಕ್ಕಳನ್ನು ಹೀಗೆ ನೋಯಿಸುವದು ಸಾಮಾನ್ಯವಾಗಿ ಕಡಿಮೆ. ಆದರೆ ಐಗುಪ್ತ ದೇಶವನ್ನು ನೋಡಿರಿ. ಅಲ್ಲಿ ಶಾಲೆಗಳುಂಟು, ಆಸ್ಪತ್ರೆಗಳುಂಟು, 2008ರಿಂದ ನಿಷೇಧದ ಕಾಯಿದೆಯೂ ಉಂಟು. ಆದರೂ ಎಳೆಯ ತಲೆಮಾರಿನ ಹುಡುಗಿಯರಲ್ಲಿ ಬಹುಪಾಲನ್ನು ಕೊಯ್ದವರು ಓದಿದ ವೈದ್ಯರೂ ದಾದಿಯರೂ. ವಿದ್ಯೆಯು ಬ್ಲೇಡನ್ನು ತೊಳೆದು ಶುದ್ಧಮಾಡಿಕೊಟ್ಟಿತೇ ಹೊರತು ಕೈಯಿಂದ ಕೆಳಗಿಡಿಸಲಿಲ್ಲ. ಯಾಕಂದರೆ ಬುದ್ಧಿಯು ತಿಳಿದರೂ ಭಯವು ಹೋಗಲಿಲ್ಲ.

ಆ ಭಯವನ್ನು ಕುರಿತು ನಾವು ನಿಧಾನವಾಗಿ ಯೋಚಿಸಬೇಕು. ಸಂಗತಿಯ ಗಂಟು ಇಲ್ಲಿಯೇ ಇದೆ. ಸೋಮವಾರ ಸಂತೆ ಕೂಡುವ ಒಂದು ಊರುಂಟೆನ್ನಿ. ಆ ದಿವಸವು ಯಾರಿಗೂ ಅನುಕೂಲವಲ್ಲ. ಆದರೂ ಒಬ್ಬ ವ್ಯಾಪಾರಿಯು ಮಾತ್ರ ಮಂಗಳವಾರ ಗಂಟುಬಿಚ್ಚಿದರೆ ಸಂಜೆಯವರೆಗೂ ನೊಣ ಹೊಡೆಯುತ್ತಾ ಕೂತಿರಬೇಕು. ಅವನು ದಡ್ಡನೆಂದಲ್ಲ, ಅವನ ಲೆಕ್ಕ ತಪ್ಪೆಂದೂ ಅಲ್ಲ, ಒಂಟಿಯಾದದ್ದೇ ತಪ್ಪು. ಆದರೆ ಸುತ್ತಿನ ಹಳ್ಳಿಯವರೆಲ್ಲರೂ ಕೂಡಿ, ಮುಂದಿನ ವಾರದಿಂದ ಮಂಗಳವಾರ ಎಂದು ಗೊತ್ತುಮಾಡಿದರೆ ಒಂದೇ ವಾರದಲ್ಲಿ ಸಂತೆ ಬದಲಾಗುತ್ತದೆ. ಆ ಮೇಲೆ ಸೋಮವಾರ ಬರುವವನೇ ಒಂಟಿಯಾಗುತ್ತಾನೆ. ಮದುವೆಗೆ ಸಂಬಂಧಪಟ್ಟ ಪದ್ಧತಿಗಳೆಲ್ಲವೂ ಈ ಸಂತೆಯ ಹಾಗೆ. ತಾಯಿಯೊಬ್ಬಳು ಮನಸ್ಸಿನೊಳಗೆ ಪದ್ಧತಿಯನ್ನು ಹಗೆಮಾಡುತ್ತಿದ್ದರೂ, ಹೆಣ್ಣು ಕೊಡುವ ತರುವ ನೆಂಟರೆಲ್ಲರೂ ಅದನ್ನು ಹಿಡಿದಿರುವ ತನಕ ಬಿಡಲಾರಳು.

ಇದನ್ನು ಚೀನಾ ದೇಶದವರು ಚೆನ್ನಾಗಿ ಅರಿತರು. ಅಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಬಾಲ್ಯದಲ್ಲಿಯೇ ಬಿಗಿಯಾಗಿ ಕಟ್ಟಿ, ಎಲುಬು ಮುರಿದು ಗಿಡ್ಡಗೊಳಿಸುವ ಪದ್ಧತಿಯು ನೂರಾರು ವರ್ಷಗಳಿಂದ ನಡೆದುಬಂದಿತ್ತು. ಚಕ್ರವರ್ತಿಗಳ ನಿಷೇಧಗಳು ನಾಟಲಿಲ್ಲ. 1870ರ ದಶಕದಲ್ಲಿ ಅಮಾಯ್ ಪಟ್ಟಣದಲ್ಲಿ ಲಂಡನ್ ಮಿಶನ್ನಿನ ಮೆಗೋವನ್ ಎಂಬ ಬೋಧಕರು ಅಲ್ಲಿಯ ಹೆಂಗಸರನ್ನು ಕೂಡಿಸಿ ಒಂದು ಸಂಘವನ್ನು ಮಾಡಿದರು. ಮುಂದೆ ಚೀನೀಯರು ತಾವೇ ಇಂಥ ಸಂಘಗಳನ್ನು ಊರೂರಿಗೆ ಕಟ್ಟಿದರು. ಅವುಗಳ ಒಡಂಬಡಿಕೆಯಲ್ಲಿ ಎರಡು ಮಾತುಗಳಿದ್ದವು: ನಮ್ಮ ಹೆಣ್ಣುಮಕ್ಕಳ ಪಾದ ಕಟ್ಟುವದಿಲ್ಲ, ಪಾದ ಕಟ್ಟಿದ ಹೆಣ್ಣನ್ನು ನಮ್ಮ ಗಂಡುಮಕ್ಕಳಿಗೆ ತರುವದಿಲ್ಲ. ಎರಡನೆಯ ಮಾತಿನಲ್ಲಿಯೇ ಬಲವಿತ್ತು. ತಿಂಗ್‌ಷ್ಯೆನ್ ಎಂಬ ಸೀಮೆಯಲ್ಲಿ 1889ರ ಹೊತ್ತಿಗೆ ನೂರರಲ್ಲಿ 99 ಹೆಣ್ಣುಮಕ್ಕಳಿಗೆ ಪಾದ ಕಟ್ಟುತ್ತಿದ್ದರು. 1919ರ ಹೊತ್ತಿಗೆ ಹೊಸದಾಗಿ ಕಟ್ಟುವವರು ಒಬ್ಬರೂ ಉಳಿಯಲಿಲ್ಲ. ನೂರಾರು ವರ್ಷಗಳದ್ದು ಮೂವತ್ತು ವರ್ಷಗಳಲ್ಲಿ ಹೋಯಿತು.

ಸೆನೆಗಾಲ್ ದೇಶದಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ತೊಸ್ತಾನ್ ಎಂಬ ಸಂಸ್ಥೆಯವರು ಹಳ್ಳಿಯ ಹೆಂಗಸರಿಗೆ ತಮ್ಮ ಭಾಷೆಯಲ್ಲಿಯೇ ಓದುಬರಹ, ಆರೋಗ್ಯ, ಮನುಷ್ಯರ ಹಕ್ಕು ಇವುಗಳನ್ನು ಕಲಿಸುತ್ತಿದ್ದರು. ಯಾರೂ ಅವರನ್ನು ಗದರಿಸಲಿಲ್ಲ. ಮಲಿಕುಂಡ ಬಂಬಾರ ಎಂಬ ಹಳ್ಳಿಯ ಹೆಂಗಸರು ತಾವಾಗಿಯೇ ಯೋಚಿಸಿ, 1997ರ ಜುಲೈ 31ರಲ್ಲಿ, ನಮ್ಮ ಊರಿನಲ್ಲಿ ಇನ್ನು ಕೊಯ್ಯುವದಿಲ್ಲವೆಂದು ಬಹಿರಂಗವಾಗಿ ಸಾರಿದರು. ಸುತ್ತಿನ ಊರಿನವರು ಅವರನ್ನು ಬೈದರು. ಆಗ ಕೆರ್ ಸಿಂಬಾರ ಎಂಬ ಹಳ್ಳಿಯ ವೃದ್ಧ ಇಮಾಮರಾದ ದೆಂಬ ಜವಾರಾ ಎಂಬವರು, ಒಂದು ಊರು ಸಾಲದು, ನಾವು ಹೆಣ್ಣು ಕೊಟ್ಟು ತರುವ ಊರುಗಳೆಲ್ಲಾ ಕೂಡಬೇಕು ಎಂಬದನ್ನು ಕಂಡು, ಕಾಲುನಡಿಗೆಯಿಂದ ನೆಂಟರ ಹಳ್ಳಿಗಳನ್ನೆಲ್ಲಾ ಸುತ್ತಿದರು. ಹಿರಿಯರ ಪದ್ಧತಿಯನ್ನು ಬೈಯದೆ ಮಕ್ಕಳ ಆರೋಗ್ಯವನ್ನು ಕುರಿತು ಕೇಳುತ್ತಾ ಹೇಳುತ್ತಾ ಹೋದರು. 1998ರಲ್ಲಿ 13 ಹಳ್ಳಿಗಳವರು ಜಬುಗು ಎಂಬಲ್ಲಿ ಕೂಡಿ ಒಂದೇ ಮಾತನ್ನು ಆಡಿದರು. 1999ರಲ್ಲಿ ದೇಶದ ಕಾಯಿದೆಯಾಯಿತು. ಆ ದೇಶದಲ್ಲಿ ಪದ್ಧತಿಯು ಇನ್ನೂ ಪೂರ್ಣವಾಗಿ ನಿಂತಿಲ್ಲ. ಆದರೆ ಕೂಡಿ ಬಿಟ್ಟ ಹಳ್ಳಿಗಳು ಸಾವಿರಾರಾಗಿವೆ.

ಕೀನ್ಯಾ ದೇಶವೂ ಪಾಠ ಕಲಿಯಿತು. 1996ರಲ್ಲಿ ಥರಾಕಾ ಎಂಬ ಸೀಮೆಯ ತಾಯಂದಿರು, ಹುಡುಗಿಯು ಪ್ರಾಯಕ್ಕೆ ಬಂದಾಗ ಮಾಡುವ ಬುದ್ಧಿವಾದ, ಹಾಡು, ಔತಣ, ಉಡುಗೊರೆ ಎಲ್ಲವನ್ನೂ ಉಳಿಸಿಕೊಂಡು ಬ್ಲೇಡನ್ನು ಮಾತ್ರ ಬಿಟ್ಟ ಸಂಸ್ಕಾರವೊಂದನ್ನು ಮಾಡಿಕೊಂಡರು; ಮಾತಿನ ಮೂಲಕ ಸುನ್ನತಿ ಎಂಬದು ಅದರ ಹೆಸರಿನ ಅರ್ಥ. ನಮ್ಮ ಕೋಲಾರ ಸೀಮೆಯವರ ಬೆಳ್ಳಿಯ ಕುಪ್ಪಿಗೆಯು ಇಲ್ಲಿ ನೆನಪಿಗೆ ಬರುವದಿಲ್ಲವೋ? 2011ರಲ್ಲಿ ಬಲವಾದ ಕಾಯಿದೆಯೂ ಬಂತು. 1998ರಲ್ಲಿ ಆ ದೇಶದ ಹೆಂಗಸರಲ್ಲಿ ನೂರಕ್ಕೆ 38 ಜನರು ಕೊಯ್ಯಲ್ಪಟ್ಟವರಿದ್ದರು; 2022ರ ಸಮೀಕ್ಷೆಯಲ್ಲಿ ನೂರಕ್ಕೆ 15.

ಇನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಯಾರೂ ಹುಡುಗಿಯರ ಮೈಯನ್ನು ಕೊಯ್ಯುವದಿಲ್ಲ. ಆದರೆ ಬೆಳೆಯದ ಮೈಗೆ ಗಂಡನನ್ನೂ ಗರ್ಭವನ್ನೂ ಹೊರಿಸುವದು ಇನ್ನೂ ನಿಂತಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಬಾಲ್ಯವಿವಾಹದ ಕಾಯಿದೆಯಾಯಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು ಎಂಬದೇ ಅದರ ಸಾರ. ಇಷ್ಟು ಸಣ್ಣ ಬೇಲಿಗೂ ಆ ಕಾಲದಲ್ಲಿ ವಿರೋಧವಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1929ರ ಶಾರದಾ ಕಾಯಿದೆಯು ಹುಡುಗಿಯರಿಗೆ ಹದಿನಾಲ್ಕು ವರ್ಷವನ್ನು ನೇಮಿಸಿತು. 1978ರಲ್ಲಿ ದೇಶಕ್ಕೆಲ್ಲಾ ಹದಿನೆಂಟಾಯಿತು. 2006ರ ಕಾಯಿದೆಯ ಮೇಲೆ ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯಿಂದ, ಈ ರಾಜ್ಯದಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಮದುವೆಯೇ ಅಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿಯು ಹದಿನೆಂಟಕ್ಕೆ ಮುಂಚೆ ಮದುವೆಯಾದವರೆಂದು ಕಂಡುಬಂತು. ಐವರಲ್ಲಿ ಒಬ್ಬಳು. ವಾಚಕರು ತಮ್ಮ ಬೀದಿಯ ಮನೆಗಳನ್ನು ಎಣಿಸಿ ನೋಡಲಿ.

ನಮ್ಮ ಕಡೆ ಅನುಕೂಲಗಳಿಗೂ ಸ್ಥಳವುಂಟು. 2006ರಿಂದ ಕೆಲವು ವರ್ಷ ಎಂಟನೆಯ ತರಗತಿಯವರಿಗೆ ಸರಕಾರವು ಸೈಕಲ್ ಕೊಟ್ಟಿತು. ಅದೇ ಕಾಲದಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆಯ ಹಣವು ಹದಿನೆಂಟರ ತನಕ ಮದುವೆಯಾಗದ ಹುಡುಗಿಗೇ ಸಲ್ಲತಕ್ಕದ್ದು. 2023ರ ಜೂನಿನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಚೀಟಿಯ ಹಣವಿಲ್ಲ. ಕಾಲೇಜು ದೂರ ಎಂಬ ನೆಪವು ಇದರಿಂದ ಸ್ವಲ್ಪ ಸಣ್ಣದಾಯಿತು. ಆದರೆ ಹಾಡಿಯಿಂದಲೂ ಹಳ್ಳಿಯಿಂದಲೂ ತಂದೆತಾಯಿಗಳು ಕೊಡಗಿನ ತೋಟಕ್ಕೆ ಹೋಗಿ ವಾರಗಟ್ಟಲೆ ಅಲ್ಲಿಯೇ ಉಳಿದರೆ, ಮನೆಯಲ್ಲಿರುವ ಹುಡುಗಿಯ ಕಾವಲಿಗೆ ಬಸ್ಸು ಬರುವದಿಲ್ಲ. ಅದನ್ನು ಮಾಡಬೇಕಾದವರು ನೆರೆಯವರು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯು ಏಳುತ್ತದೆ. ಪದ್ಧತಿಗೆ ಸಿಕ್ಕಿದ ತಾಯಿಯು ಒಬ್ಬಳೇ ಬಿಡಲಾರಳಾದರೆ ಅವಳು ನಿರ್ದೋಷಿಯೋ? ಹಾಗೆನ್ನಲಾರೆವು. ಮಗುವಿನ ನೋವು ನೋವೇ. ಊರೆಲ್ಲಾ ಕೂಡಿ ಮಾಡಿದರೆ ಅದು ಕಡಿಮೆಯಾಗುವದಿಲ್ಲ. ಎಲ್ಲರೂ ಮೊದಲು ಬಿಡಲಿ, ಆ ಮೇಲೆ ನಾನು ಎಂದು ಪ್ರತಿಯೊಬ್ಬರೂ ಹೇಳಿದರೆ ಲೋಕದಲ್ಲಿ ಯಾವ ಕೆಡುಕೂ ನಿಲ್ಲದು. ಆದರೆ ದೋಷವನ್ನು ಹಂಚುವಾಗ ಬಲಕ್ಕೆ ತಕ್ಕ ಹಾಗೆ ಹಂಚಬೇಕು. ಬೇರೆ ದಾರಿ ಕಾಣದೆ ಮಾಡಿದವಳಿಗಿಂತ, ಬೇರೆ ದಾರಿಯನ್ನು ಮಾಡಿಕೊಡಬಲ್ಲವನಾಗಿದ್ದು ಸುಮ್ಮನಿದ್ದವನ ಪಾಲು ದೊಡ್ಡದು. ಆ ತಾಯಿಯು ನಮ್ಮನ್ನು ಕೇಳಿದ ಪ್ರಶ್ನೆಗೆ ಸಭೆಯ ಹಿರಿಯರಲ್ಲಿ ಉತ್ತರವಿರಬೇಕಿತ್ತು. ನಾವು ಉಪದೇಶವನ್ನು ಕೊಟ್ಟೆವು, ಕಾವಲನ್ನು ಕೊಡಲಿಲ್ಲ. ಕಾಯಿದೆಯನ್ನು ಹೇಳಿದೆವು, ಗಂಡನ್ನು ತೋರಿಸಲಿಲ್ಲ. ಕಡೆಗೆ ಊಟಮಾಡಿ ಬಂದೆವು. ಅವಳ ಪಾಲಿಗಿಂತ ನಮ್ಮ ಪಾಲು ದೊಡ್ಡದೆಂದು ಒಪ್ಪಿಕೊಳ್ಳುತ್ತೇವೆ.

ಆದಕಾರಣ ಗಂಡುಮಕ್ಕಳ ತಂದೆತಾಯಿಗಳೇ, ನಿಮಗೇ ಹೆಚ್ಚಾಗಿ ಹೇಳುತ್ತೇವೆ. ಹೆಣ್ಣಿನ ಕಡೆಯವರು ಬಿಟ್ಟರೆ ಅವರಿಗೆ ನಷ್ಟದ ಭಯವುಂಟು. ನೀವು ಬಿಟ್ಟರೆ ನಿಮಗೆ ನಷ್ಟವೇನು? ಹದಿನೆಂಟು ತುಂಬದ ಹುಡುಗಿಯನ್ನು ಸೊಸೆಯಾಗಿ ತರುವದಿಲ್ಲ, ಇಪ್ಪತ್ತರವಳನ್ನು ವಯಸ್ಸಾಯಿತೆಂದು ಜರೆಯುವದಿಲ್ಲ ಎಂದು ನಾಲ್ಕು ಊರಿನ ಗಂಡಿನ ಮನೆಯವರು ಸಾರಿಬಿಟ್ಟರೆ, ಆ ನಾಲ್ಕು ಊರಿನ ತಾಯಂದಿರ ಎದೆಯಿಂದ ಬಂಡೆಯೊಂದು ಇಳಿಯುತ್ತದೆ. ಚೀನಾದವರ ಎರಡನೆಯ ಮಾತು ಇದೇ.

ಒಂದು ಆಕ್ಷೇಪಣೆಗೆ ಉತ್ತರ ಹೇಳಿ ಮುಗಿಸುತ್ತೇವೆ. ಹಿರಿಯರು ಮಾಡಿದ್ದನ್ನು ತಪ್ಪೆಂದರೆ ಹಿರಿಯರನ್ನೇ ಹಳಿದಂತಾಯಿತಲ್ಲಾ ಎನ್ನುವವರುಂಟು. ಹಿರಿಯರು ಮಗಳು ಮಾನದಿಂದ ಬಾಳಲೆಂದು ಆ ಕಾಲದಲ್ಲಿ ತಮಗೆ ತಿಳಿದದ್ದನ್ನು ಮಾಡಿದರು. ಅವರ ಆಸೆಯನ್ನು ನಾವು ಇಟ್ಟುಕೊಳ್ಳೋಣ, ಅವರ ಉಳಿಯನ್ನು ಕೆಳಗಿಡೋಣ. ಬೆಳ್ಳಿಯ ಕುಪ್ಪಿಗೆಯನ್ನು ಎಳೆದು ತೆಗೆದ ಮೊರಸು ಒಕ್ಕಲಿಗರು, ಗಂಡನನ್ನು ಉಳಿಸಿಕೊಂಡ ಆ ಹೆಂಗಸನ್ನು ಮರೆಯಲಿಲ್ಲ. ಅವಳ ಮೊಮ್ಮಕ್ಕಳ ಬೆರಳುಗಳನ್ನೂ ಉಳಿಸಿಕೊಂಡರು.

ಈ ಕೆಲಸದಲ್ಲಿ ಮೂರೂ ಬೇಕು. ಆದರೆ ಅವುಗಳಿಗೆ ಒಂದು ಕ್ರಮವುಂಟು. ಹೆಣ್ಣು ಕೊಟ್ಟು ತರುವ ಊರುಗಳ ಕೂಡುಮಾತು ಮೊದಲು. ಆ ಮಾತನ್ನು ಉಳಿಸಿಕೊಳ್ಳಲು ಶಾಲೆ, ವಿದ್ಯಾರ್ಥಿನಿಲಯ, ಬಸ್ಸು, ಕೂಲಿ. ಮಾತು ಮುರಿಯುವವರಿಗೆ ಕಾಯಿದೆ. ಆದರೆ ನಾಳೆಯೇ ಮದುವೆ ಎಂಬಲ್ಲಿ ಕೂಡುಮಾತಿಗಾಗಿ ಕಾಯುತ್ತಾ ಕೂರಬಾರದು. 1098 ಎಂಬ ಮಕ್ಕಳ ಸಹಾಯವಾಣಿಗೂ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ ತಿಳಿಸತಕ್ಕದ್ದು. ಹಾಗೆ ತಿಳಿಸಿದವರು ಮಾರನೆಯ ದಿನವೂ ಆ ಮನೆಯ ಬಾಗಿಲಿಗೆ ಹೋಗಿ, ಆ ಹುಡುಗಿಯ ಓದಿಗೂ ಕಾವಲಿಗೂ ಹೊಣೆಯಾಗತಕ್ಕದ್ದು. ತಿಳಿಸಿ ತಲೆತಪ್ಪಿಸಿಕೊಂಡರೆ ನಾವು ಮೇರು ಸೀಮೆಯ ಅಧಿಕಾರಿಗಳಂತಾಗುತ್ತೇವೆ.

ಹೀಗಿರಲಾಗಿ, ನಮ್ಮ ಸುತ್ತಿನ ಸಭೆಗಳವರು ಸುಗ್ಗಿಯ ಹಬ್ಬಕ್ಕೆ ಕೂಡುವಾಗ ಈ ನಾಲ್ಕು ಮಾತುಗಳನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಹದಿನೆಂಟಕ್ಕೆ ಮುಂಚೆ ಹೆಣ್ಣು ಕೊಡುವದಿಲ್ಲ. ಹದಿನೆಂಟಕ್ಕೆ ಮುಂಚಿನ ಹೆಣ್ಣು ತರುವದಿಲ್ಲ. ತಂದೆತಾಯಿಗಳು ಕೂಲಿಗೆ ದೂರ ಹೋದಾಗ ಅವರ ಹುಡುಗಿಯು ನಮ್ಮ ಮನೆಯ ಹುಡುಗಿಯೊಂದಿಗೆ ಮಲಗುವಳು. ಅಂಥ ಮದುವೆಯ ಊಟವನ್ನು ಮಾಡುವದಿಲ್ಲ. ಕಡೆಯ ಮಾತಿಗೆ ಮೊದಲನೆಯ ರುಜು ನಮ್ಮದು.

ಆ ಹುಡುಗಿಯು ಹೋದ ವರ್ಷ ತವರಿಗೆ ಬಂದಿದ್ದಾಗ, ಸೊಂಟದ ಮೇಲೆ ಹೆಣ್ಣುಮಗುವನ್ನು ಹೊತ್ತು ನಮ್ಮ ಬಾಗಿಲಿಗೆ ಬಂದಳು. ಹೆಚ್ಚೇನೂ ಮಾತಾಡಲಿಲ್ಲ. “ಅಯ್ನೋರೇ, ಇವಳನ್ನ ಇಸ್ಕೂಲಿಗೆ ಸೇರಿಸೋವಾಗ ಹುಟ್ಟಿದ ತಾರೀಕು ಸರಿಯಾಗಿ ಬರೆಸಿ. ನಂದು ಬರೆಸಿರ್ಲಿಲ್ಲ” ಎಂದಳು. ತನಗೆ ಮುಚ್ಚಿಹೋದ ದಾರಿಯನ್ನು ಮಗಳಿಗೆ ತೆರೆದಿಡಬೇಕೆಂದು ಅವಳು ಒಬ್ಬಳೇ ನಿಶ್ಚಯಿಸಿದ್ದಾಳೆ. ಅವಳು ಒಂಟಿಯಾಗದ ಹಾಗೆ ನೋಡಿಕೊಳ್ಳುವದು ನಮ್ಮೆಲ್ಲರ ಕೆಲಸ.